ಅಲಾಸ್ಕಾ ಪಿಂಕ್ ಸಾಲ್ಮನ್ ಡಬ್ಬಿ: ಕಟ್ಲೆಟ್‌ಗೆ ಸೈ, ಗಸಿಗೆ ಬೇಡ

ಸಿಯಾಟಲ್‌ನಲ್ಲಿ ಬಂಗುಡೆಗೆ ಪರದಾಡುವವರು ಇದನ್ನು ನೋಡಬಹುದು. ಮುಳ್ಳು ಎಷ್ಟು ಮೆತ್ತಗೆಂದರೆ ಬೆರಳಲ್ಲೇ ಪುಡಿಯಾಗುತ್ತದೆ. ಈರುಳ್ಳಿ, ಹಸಿಮೆಣಸು, ಆಲೂಗಡ್ಡೆ ಸೇರಿಸಿ, ರವೆಯಲ್ಲಿ ಹೊರಳಿಸಿ ಕಾಯಿಸಿ. ಗಸಿಗೆ ಹಾಕಿದರೆ ಕರಗಿ ಕಾಣೆ!

ನಮ್ಮ ಯಜಮಾನರು, "ಎಕ್ಸಾನ್ ವಾಲ್ಡೀಜ್ ಎಣ್ಣೆ ಚೆಲ್ಲಿದ ಕಡೆಯದ್ದಲ್ವಾ?" ಎಂದು ಮೂಗು ಮುರಿದರು. ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಯಲ್ಲಿ 1989ರ ಮಾರ್ಚ್‌ನಲ್ಲಿ ಆ ತೈಲಹಡಗಿನಿಂದ ಚೆಲ್ಲಿದ್ದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ. ಅಲ್ಲಿ ಈ ಮೀನು ಹೆಚ್ಚಾಗಿ ಹೊಳೆ ಕಡಲು ಸೇರುವಲ್ಲೇ ಜಲ್ಲಿಯೊಳಗೆ ಮೊಟ್ಟೆಯಿಡುತ್ತದೆ. ಜಲ್ಲಿಗೆ ಮೆತ್ತಿದ ಎಣ್ಣೆಯಿಂದ ಸೋರುವ ಪಿಎಎಚ್ ಎಂಬ ವಿಷಕಾರಿ ರಾಸಾಯನಿಕಗಳು ಭ್ರೂಣದ ಹೃದಯವನ್ನೇ ಕೆಡಿಸುತ್ತವೆ. ಎಣ್ಣೆ ತಾಗಿದ ಹೊಳೆಗಳಲ್ಲಿ 1993ರವರೆಗೂ ಮೊಟ್ಟೆಗಳು ಹೆಚ್ಚಾಗಿ ಸತ್ತವು. ಆಮೇಲೆ ಪಿಂಕ್ ಸಾಲ್ಮನ್ ಚೇತರಿಸಿಕೊಂಡಿತು, ಪಾಪ, ಅಲ್ಲಿನ ಹೆರಿಂಗ್ ಮೀನು ಇನ್ನೂ ಪೂರ್ತಿ ಎದ್ದಿಲ್ಲ.

ನಮ್ಮ ಡಬ್ಬಿಯ ಮೇಲೆ ಯಾವ ಕೊಲ್ಲಿಯ ಮೀನೆಂದು ಬರೆದಿಲ್ಲ, ಬರೀ "ಅಲಾಸ್ಕಾ". ಅದಕ್ಕೊಂದು ಸ್ಟಾರ್ ಕಡಿಮೆ. ಉಪ್ಪೂ ಜಾಸ್ತಿ, ಕೈ ಬಿಗಿಹಿಡಿದು ಹಾಕಿ.