ಐಟಿಐಗೆ ಸೇರಿಸುವ ಮುನ್ನ ವರ್ಕ್‌ಶಾಪಿನ ಬಾಗಿಲು ತೆರೆಸಿ ನೋಡಿ

ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳನ್ನು ಐಟಿಐಗೆ ಸೇರಿಸಬೇಕೆಂದಿರುವ ಕೊಡಗಿನ ಪೋಷಕರು ನಮಗಾದ ಅನುಭವವನ್ನು ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಮಗ ಸೇರಿದ ಖಾಸಗಿ ಸಂಸ್ಥೆಗೆ ಎನ್‌ಸಿವಿಟಿ ಮಾನ್ಯತೆ, ಅಂದರೆ ವೃತ್ತಿ ತರಬೇತಿಗೆ ಬೇಕಾದ ರಾಷ್ಟ್ರಮಟ್ಟದ ಮಾನ್ಯತೆ, ನಿಜವಾಗಿಯೂ ಇತ್ತು. ಮಾನ್ಯತೆಯನ್ನು ಒಂದೊಂದು ಟ್ರೇಡಿಗೂ ಪ್ರತ್ಯೇಕವಾಗಿ ಕೊಡುತ್ತಾರೆಂದು ತಿಳಿದಿದ್ದರಿಂದ, ಎಲೆಕ್ಟ್ರಿಷಿಯನ್ ಟ್ರೇಡಿಗೂ ಅದು ಇದೆಯೇ ಎಂದು ವಿಚಾರಿಸಿಕೊಂಡೇ ವರ್ಷಕ್ಕೆ 25,000 ರೂಪಾಯಿ ಶುಲ್ಕ ಕಟ್ಟಿದ್ದೆ. ಅಷ್ಟು ನೋಡಿದರೆ ಸಾಕೆಂದುಕೊಂಡದ್ದೇ ನಾನು ಮಾಡಿದ ತಪ್ಪು.

ಸುಂಟಿಕೊಪ್ಪದ ಬಳಿ ನಮ್ಮದೊಂದು ಸಣ್ಣ ರೋಬಸ್ಟಾ ಕಾಫಿ ತೋಟವಿದೆ. ಮಗ ಎರಡನೇ ವರ್ಷದಲ್ಲಿದ್ದಾಗ, ಮಾರ್ಚ್ ಬಂದರೂ ಕಾಫಿ ಹೂ ಅರಳಿಸುವ ಹೂಮಳೆಯ ಸುಳಿವಿರಲಿಲ್ಲ. ಸ್ಪ್ರಿಂಕ್ಲರ್ ಹಾಕೋಣವೆಂದು ಕೆರೆಯ ದಡದ 10 ಎಚ್‌ಪಿ ಮೋಟಾರನ್ನು ಚಾಲೂ ಮಾಡಿದರೆ ಅದು ಗುಂಯ್‌ಗುಟ್ಟುತ್ತಿತ್ತೇ ಹೊರತು ತಿರುಗಲಿಲ್ಲ. ಮಗ ಉತ್ಸಾಹದಿಂದಲೇ ಹೊಸ ಮಲ್ಟಿಮೀಟರ್ ತಂದ. ಅದರ ಕೆಂಪು ವೈರನ್ನು ಕರೆಂಟ್ (ಆಂಪಿಯರ್) ಅಳೆಯುವ ತೂತಿಗೆ ಸಿಕ್ಕಿಸಿದ್ದವನು, ಅದನ್ನು ವೋಲ್ಟೇಜ್ ತೂತಿಗೆ ಬದಲಾಯಿಸದೆ ಎರಡು ಫೇಸ್‌ಗಳ ನಡುವೆ ಮುಟ್ಟಿಸಿಬಿಟ್ಟ. ಫಟ್ಟೆಂದು ಕಿಡಿ ಹಾರಿತು, ಮೀಟರ್ ಕರಕಲಾಯಿತು, ಅವನ ಬಲಗೈಯ ಎರಡು ಬೆರಳು ಸುಟ್ಟವು. ಕಣ್ಣು ಉಳಿದದ್ದು ದೇವರ ದಯೆ. ಸಂಜೆ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು, ಎರಡು ಬಲ್ಬುಗಳನ್ನು ಸರಣಿಯಲ್ಲಿ ಸೇರಿಸಿದ ಟೆಸ್ಟ್ ಲ್ಯಾಂಪ್ ಹಿಡಿದು, ಒಂದು ಫೇಸಿನ ಫ್ಯೂಸ್ ಹೋಗಿರುವುದನ್ನು ಎರಡೇ ನಿಮಿಷದಲ್ಲಿ ತೋರಿಸಿದರು. "ಮೊದಲು ಸಪ್ಲೈ ನೋಡಬೇಕು ಮಗಾ, ಮೋಟಾರ್ ಆಮೇಲೆ. ಇದನ್ನು ನಿಮಗೆ ಹೇಳಿಕೊಡಲಿಲ್ಲವಾ?" ಎಂದು ಅವರು ಕೇಳಿದಾಗ ಮಗ ತಲೆ ತಗ್ಗಿಸಿ ನಿಂತಿದ್ದ.

ಆ ರಾತ್ರಿ ಅವನ ಪ್ರಾಕ್ಟಿಕಲ್ ರೆಕಾರ್ಡ್ ತೆರೆದು ನೋಡಿದೆ. ಅಂದವಾದ ಅಕ್ಷರ, ಸ್ಕೇಲಿನಲ್ಲಿ ಎಳೆದ ಸರ್ಕ್ಯೂಟ್ ಚಿತ್ರ, ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಸಹಿ. ಮೆಗ್ಗರ್‌ನಿಂದ ಇನ್ಸುಲೇಷನ್ ಪರೀಕ್ಷಿಸಿದ ಪುಟದಲ್ಲಿ 50 ಮೆಗಾಓಮ್ ಎಂದು ಬರೆದಿತ್ತು. ಮೆಗ್ಗರ್ ಹೇಗಿರುತ್ತದೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಮರುದಿನ ಅವನ ಇಬ್ಬರು ಸಹಪಾಠಿಗಳ ರೆಕಾರ್ಡ್ ತರಿಸಿ ನೋಡಿದಾಗ ಅವುಗಳಲ್ಲಿಯೂ ಅದೇ 50, ಅರ್ತಿಂಗ್ ಪುಟದಲ್ಲಿ ಮೂವರಿಗೂ ಒಂದೇ 1.2 ಓಮ್. ಹಿಂದಿನ ಬ್ಯಾಚಿನ ಒಂದು ಪುಸ್ತಕವನ್ನು ಎಲ್ಲರೂ ನಕಲು ಮಾಡಿದ್ದರು, ಮಾಡಿಸಿದ್ದರು.

ಪಠ್ಯಕ್ರಮದ ದೋಷವೆಂದು ನಾನು ಮೊದಲು ಭಾವಿಸಿದ್ದೆ. ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣದಿಂದ ಅದನ್ನು ಉಚಿತವಾಗಿ ಇಳಿಸಿಕೊಂಡು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. 2022ರ ಪರಿಷ್ಕರಣೆಯ ಪ್ರಕಾರ ಮೊದಲ ವರ್ಷದ 1,200 ಗಂಟೆಗಳಲ್ಲಿ 840 ಗಂಟೆ ಪ್ರಾಯೋಗಿಕ ತರಬೇತಿಗೆ, 240 ಗಂಟೆ ಥಿಯರಿಗೆ, 120 ಗಂಟೆ ಉದ್ಯೋಗ ಕೌಶಲಗಳಿಗೆ ಮೀಸಲು. ಇದಲ್ಲದೆ ಕೆಲಸದ ಸ್ಥಳದಲ್ಲಿ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್‌ಗಾಗಿ ವರ್ಷಕ್ಕೆ 150 ಗಂಟೆ. ಮೋಟಾರ್, ಸ್ಟಾರ್ಟರ್, ಅಳತೆಯ ಉಪಕರಣಗಳೆಲ್ಲ ಅಭ್ಯಾಸಗಳ ಪಟ್ಟಿಯಲ್ಲಿವೆ. ಮಗನ ಸಂಸ್ಥೆಯಲ್ಲಿ ವರ್ಕ್‌ಶಾಪ್ ತೆರೆಯುತ್ತಿದ್ದುದು ಶನಿವಾರ ಬೆಳಿಗ್ಗೆ ಮಾತ್ರ. ಅಂದೂ ಇನ್‌ಸ್ಟ್ರಕ್ಟರ್ ಮಾಡಿ ತೋರಿಸುತ್ತಿದ್ದರು, ಇಪ್ಪತ್ತು ಹುಡುಗರು ಸುತ್ತ ನಿಂತು ನೋಡುತ್ತಿದ್ದರು. ಹೀಗೆ ನೋಡಿದ್ದನ್ನೂ ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ ನೂರು ಗಂಟೆ ದಾಟುವುದು ಕಷ್ಟ. ಉಳಿದ ದಿನ ನೋಟ್ಸ್ ಬರೆಸುವುದು, ಹಳೆಯ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸುವುದು. ಆ ಇನ್‌ಸ್ಟ್ರಕ್ಟರ್ ಕೆಟ್ಟವರಲ್ಲ. ಎರಡು ವರ್ಷದ ತರಗತಿಗಳನ್ನೂ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಆಡಳಿತದವರನ್ನು ಕೇಳಿದಾಗ, "ಪಾಸಾಗುತ್ತಾನಲ್ಲ, ನಿಮಗೇನು ಚಿಂತೆ?" ಎಂಬ ಉತ್ತರ ಬಂತು. ವಿದ್ಯುತ್ತಿನ ಕೆಲಸಕ್ಕೆ ಹೋಗುವ ಹುಡುಗನ ವಿಷಯದಲ್ಲಿ ಈ ಮಾತು ಎಷ್ಟು ಕ್ರೂರವಾದುದೆಂದು ಅವರಿಗೆ ಅನಿಸಿದಂತೆ ಕಾಣಲಿಲ್ಲ.

ಆದ್ದರಿಂದ ಶುಲ್ಕ ಕಟ್ಟುವ ಮೊದಲು, ಮುಂಚಿತವಾಗಿ ತಿಳಿಸದೆ, ವಾರದ ನಡುವಿನ ಒಂದು ದಿನ ಸಂಸ್ಥೆಗೆ ಹೋಗಿ ವರ್ಕ್‌ಶಾಪ್ ತೋರಿಸಲು ಕೇಳಿ. ಬೀಗದ ಕೈ ಹುಡುಕಲು ಜನ ಓಡಾಡಿದರೆ ಅಷ್ಟರಲ್ಲೇ ಬಹಳಷ್ಟು ತಿಳಿಯುತ್ತದೆ. ಒಳಗೆ ಮೋಟಾರಿನ ಟರ್ಮಿನಲ್ ಸ್ಕ್ರೂಗಳನ್ನು ಗಮನಿಸಿ: ದಿನವೂ ಬಿಚ್ಚಿ ಕಟ್ಟುವ ಸ್ಕ್ರೂವಿನ ತಲೆ ಸವೆದಿರುತ್ತದೆ, ನಾನು ತಡವಾಗಿ ನೋಡಿದವುಗಳ ಮೇಲೆ ಕಾರ್ಖಾನೆಯ ಬಣ್ಣ ಹಾಗೆಯೇ ಇತ್ತು. ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳ ರೆಕಾರ್ಡ್ ಪಕ್ಕಪಕ್ಕದಲ್ಲಿಟ್ಟು ರೀಡಿಂಗ್‌ಗಳನ್ನು ಹೋಲಿಸಿ. ಆ 150 ಗಂಟೆಗಳ ತರಬೇತಿ ಎಲ್ಲಿ ನಡೆಯಿತು, ಕಾಫಿ ಸಂಸ್ಕರಿಸುವ ಯಾವ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಯಾವ ಗ್ಯಾರೇಜಿನಲ್ಲಿ ಎಂದು ಹೆಸರು ಹಿಡಿದು ಕೇಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್‌ಗಳು ತೋಟತೋಟದಲ್ಲಿರುವ ನಮ್ಮ ಜಿಲ್ಲೆಯಲ್ಲಿ ಕಲಿಯಲು ಯಂತ್ರ ಸಿಗಲಿಲ್ಲ ಎಂದು ಯಾವ ಸಂಸ್ಥೆಯೂ ಹೇಳುವಂತಿಲ್ಲ.

ನನ್ನ ಮಗನ ಕೈಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಬಂದಿದೆ, ಅಂಕಗಳೂ ಚೆನ್ನಾಗಿವೆ. ಅದನ್ನು ಬೀರುವಿನಲ್ಲಿಟ್ಟು, ಅಂದು ಫ್ಯೂಸ್ ತೋರಿಸಿಕೊಟ್ಟ ಹಿರಿಯರ ಜೊತೆಯಲ್ಲಿ ಆರು ತಿಂಗಳಿಂದ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದಾನೆ. ಮೆಗ್ಗರನ್ನು ಅವನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಅವರ ಬಳಿ.