ವಿಸಿಪಿಯು ಮಿತಿ ಏರಿಸುವ ಮುಂಚೆ ಒಂದ್ಸಲ ಇದನ್ನು ಓದಿ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇರುವುದು ಒಂದೇ ಸರ್ವರ್. ನಾಲ್ಕು ಕೋರ್, ಎಂಟು ಥ್ರೆಡ್, ಅಂದರೆ ಒಮ್ಮೆಗೆ ಎಂಟು ಕೆಲಸ ಓಡಬಹುದು. ಅದರ ಮೇಲೆ ಕೆವಿಎಂ (ಒಂದೇ ಸರ್ವರನ್ನು ಹಲವು ಕಂಪ್ಯೂಟರ್‌ಗಳಂತೆ ಹಂಚಿಕೊಡುವ ಸಾಫ್ಟ್‌ವೇರ್) ಹಾಕಿ ಮೂರು ವರ್ಚುವಲ್ ಮಷೀನ್ ಓಡಿಸುತ್ತಿದ್ದೇವೆ. ಬಿಲ್ಲಿಂಗ್‌ಗೆ ವಿಂಡೋಸ್ 10 ಪ್ರೊ, ಡೇಟಾಬೇಸ್‌ಗೆ ಒಂದು ಲಿನಕ್ಸ್, ಫೈಲುಗಳಿಗೆ ಇನ್ನೊಂದು. ಎಲ್ಲಕ್ಕೂ ತಲಾ 2 ವಿಸಿಪಿಯು, ಅಂದರೆ ವರ್ಚುವಲ್ ಮಷೀನಿಗೆ ಕಾಣುವ ತೋರಿಕೆಯ ಪ್ರೊಸೆಸರ್.

ರಾಶಿ, ಬೆಟ್ಟೆ ಮಾಲು ಜಾಸ್ತಿ ಬರುವ ದಿನಗಳಲ್ಲಿ ಬಿಲ್ ಬರುವುದು ನಿಧಾನವಾಯಿತು. ಸಾಫ್ಟ್‌ವೇರ್ ಕೊಟ್ಟವರು "ಪ್ರೊಸೆಸರ್ ಜಾಸ್ತಿ ಕೊಡಿ ಸರ್, ಸರಿಹೋಗುತ್ತೆ" ಅಂದರು. ನಂಬಿದೆ.

ರಾತ್ರಿ ಬಿಲ್ಲಿಂಗ್ ಮಷೀನಿನ ವಿಸಿಪಿಯು ಮಿತಿಯನ್ನು 8ಕ್ಕೆ ಏರಿಸಿ ವಿಂಡೋಸ್ ಒಳಗಿಂದ ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಗರಿಷ್ಠ ಮಿತಿ ಜಾರಿಗೆ ಬರಬೇಕಾದರೆ ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಬೇಕು. ಅದನ್ನೂ ಮಾಡಿದೆ. ಟಾಸ್ಕ್ ಮ್ಯಾನೇಜರ್ ಆಗಲೂ 2 ಅಂತಲೇ ತೋರಿಸಿತು! ನಮ್ಮ ಸೆಟ್ಟಿಂಗ್‌ನಲ್ಲಿ ಒಂದೊಂದು ವಿಸಿಪಿಯು ಒಂದೊಂದು ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ) ಆಗಿತ್ತು. ವಿಂಡೋಸ್ 10 ಪ್ರೊ ಎರಡು ಸಾಕೆಟ್‌ಗಿಂತ ಹೆಚ್ಚು ಬಳಸುವುದಿಲ್ಲ. ಒಂದು ಸಾಕೆಟ್, ಎಂಟು ಕೋರ್ ಅಂತ ಬದಲಿಸಿದ ಮೇಲೆ 8 ಕಂಡಿತು. ಇರಲಿ ಅಂತ ಉಳಿದ ಎರಡಕ್ಕೂ 8 ಕೊಟ್ಟುಬಿಟ್ಟೆ. ದಯವಿಟ್ಟು ನೀವು ಹೀಗೆ ಮಾಡಬೇಡಿ.

ಮರುದಿನ ವ್ಯಾಪಾರ ಜೋರಾದ ಹೊತ್ತಿಗೆ ಮೂರೂ ಮಷೀನ್ ಸ್ತಬ್ಧ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಂದ ಬೆಳೆಗಾರರು ಬಿಲ್ಲಿಗೆ ಕಾದು ಕೂತಿದ್ದರು. ವಯಸ್ಸಾದವರೊಬ್ಬರು "ಬಸ್ಸು ತಪ್ಪುತ್ತೆ ಮಾರಾಯ" ಅಂದಾಗ ನನಗೆ ಮುಖ ಎತ್ತಿ ಮಾತಾಡಲು ಆಗಲಿಲ್ಲ.

ತಕ್ಕಡಿ ಎಂಟೇ ಇದ್ದು, ಚೀಲ ಹೊತ್ತ ಹಮಾಲರು 24 ಜನ ನಿಂತರೆ ತೂಕ ಬೇಗ ಆಗುತ್ತಾ? ಇದೂ ಹಾಗೇ: ಥ್ರೆಡ್ ಎಂಟು, ವಿಸಿಪಿಯು 24. ಅದಕ್ಕಿಂತ ಕೆಟ್ಟದ್ದೂ ಇದೆ. ಒಂದು ವಿಸಿಪಿಯು ಲಾಕ್ (ಒಮ್ಮೆಗೆ ಒಬ್ಬರಷ್ಟೇ ಮಾಡಬಹುದಾದ ಕೆಲಸಕ್ಕೆ ಹಾಕುವ ಬೀಗ) ಹಿಡಿದಿರುವಾಗಲೇ ಅದರ ಸರದಿ ಮುಗಿದರೆ, ಆ ಲಾಕ್‌ಗಾಗಿ ಕಾಯುವ ಉಳಿದವು ಸುಮ್ನೆ ಸುತ್ತುತ್ತಾ, ಇರುವ ಸಿಪಿಯು ಸಮಯವನ್ನೂ ತಿನ್ನುತ್ತವೆ. ಲಿನಕ್ಸ್ ಮಷೀನಿನಲ್ಲಿ ಟಾಪ್ (ಸಿಪಿಯು ಬಳಕೆ ತೋರಿಸುವ ಕಮಾಂಡ್) ಓಡಿಸಿದರೆ ಎಸ್‌ಟಿ (st) ಅನ್ನುವ ಅಂಕಿ ಶೇಕಡಾ 30 ದಾಟಿತ್ತು. ಓಡಲು ಸಿದ್ಧವಿದ್ದೂ ನಿಜವಾದ ಸಿಪಿಯು ಸಿಗದೆ ಕಾದ ಸಮಯ ಅದು.

ಜನ ಕಾಯುತ್ತಿರುವಾಗಲೇ ಮೂರನ್ನೂ ಬಂದ್ ಮಾಡಿ ಹಳೆಯ ಮಿತಿಗೆ ಇಳಿಸಬೇಕಾಯಿತು.

ಸಂಜೆ ನಿಧಾನವಾಗಿ ನೋಡಿದಾಗ ಡೇಟಾಬೇಸ್ ಮಷೀನಿನಲ್ಲಿ ಟಾಪ್ ತೋರಿಸುವ ಡಬ್ಲ್ಯೂಎ (wa) ಅಂಕಿ ಜಾಸ್ತಿ ಇತ್ತು. ಅಂದರೆ ಡಿಸ್ಕ್‌ಗಾಗಿ ಕಾಯುವುದು. ಮೊದಲಿನಿಂದ ಇದ್ದ ತೊಂದರೆ ಹಳೆಯ ಹಾರ್ಡ್ ಡಿಸ್ಕಿನದು, ಪ್ರೊಸೆಸರ್‌ದಲ್ಲ. ನಿಮಗೂ ಯಾರಾದರೂ ಪ್ರೊಸೆಸರ್ ಜಾಸ್ತಿ ಮಾಡಿ ಅಂದರೆ, ಮೊದಲು ಈ ಎರಡು ಅಂಕಿ ನೋಡಿ. ಸರ್ವರ್‌ನಲ್ಲಿ ಒಟ್ಟು ಎಷ್ಟು ಥ್ರೆಡ್ ಇದೆ ಅಂತಲೂ ಎಣಿಸಿ.

ಹಳೆಯ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಬಿಲ್ ಸರಾಗವಾಗಿ ಬರುತ್ತಿದೆ. ಈಗ ಬಿಲ್ಲಿಂಗ್‌ಗೆ 4, ಉಳಿದವಕ್ಕೆ ತಲಾ 2.