ವಿಜಯಪುರದ ಅರಬ್ಬಿ ಆಡುಮಾತಿನ ತರಗತಿ: ಮೂರು ತಿಂಗಳು ಕಲಿತವನ ಅಭಿಪ್ರಾಯ

ವಿಜಯಪುರದ ಗಾಂಧಿ ಚೌಕದ ಸಮೀಪ, ಅಂಗಡಿಯೊಂದರ ಮಹಡಿಯ ಮೇಲೆ ಸಂಜೆ ಹೊತ್ತು ನಡೆಯುವ ಅರಬ್ಬಿ ತರಗತಿಗೆ ನಾನು ಮೂರು ತಿಂಗಳು ಹೋಗಿ ಬಂದೆ. ಎಲೆಕ್ಟ್ರಿಷಿಯನ್ ಕೆಲಸಕ್ಕೆ ಕುವೈತಿಗೆ ಹೊರಡುವ ಮುನ್ನ ನಾಲ್ಕು ಮಾತು ಬಾಯಿಗೆ ಬರಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಶುಲ್ಕ 3,000 ರೂಪಾಯಿ. ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ. ಮಾಸ್ತರು ಕುವೈತಿನಲ್ಲಿ ಬಹಳ ವರ್ಷ ದುಡಿದು ಬಂದವರು. ಅವರ ಮನೆಮಾತು ದಖನಿ ಉರ್ದು, ಪಾಠ ಮಾತ್ರ ಅಚ್ಚ ವಿಜಯಪುರದ ಕನ್ನಡದಲ್ಲಿ.

ಗ್ರಂಥಸ್ಥ ಅರಬ್ಬಿಯನ್ನು ಬದಿಗಿಟ್ಟು ಕೊಲ್ಲಿಯ ಜನ ಮನೆಯಲ್ಲೂ ಮಾರುಕಟ್ಟೆಯಲ್ಲೂ ಆಡುವ ಮಾತನ್ನೇ ಕಲಿಸುವುದು ಈ ತರಗತಿಯ ದೊಡ್ಡ ಗುಣ. ಪುಸ್ತಕದಲ್ಲಿ ಕೋಳಿಗೆ ‘ದಜಾಜ್’ ಎಂದಿದ್ದರೆ ಕುವೈತಿನ ಬಾಯಲ್ಲಿ ಅದು ‘ದಿಯಾಯ್’. ‘ಈಗ’ ಎನ್ನಲು ಪುಸ್ತಕದ ‘ಅಲ್ ಆನ್’ ಬದಲು ‘ಅಲ್‌ಹೀನ್’. ಕ್ಷೇಮ ಕೇಳುವ ‘ಶ್ಲೋನಕ್’ ಎಂಬ ಮಾತಿನ ಮೂಲಾರ್ಥ ‘ನಿನ್ನ ಬಣ್ಣವೇನು’ ಎಂದು ತಿಳಿದ ದಿನ ಇಡೀ ತರಗತಿ ನಕ್ಕಿತ್ತು. ನಾಮಪದಗಳ ಕೊನೆಯ ವಿಭಕ್ತಿ ಸ್ವರಗಳು ಆಡುಮಾತಿನಲ್ಲಿ ಉದುರಿಹೋಗಿರುವುದರಿಂದ ಹೊಸಬರಿಗೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ನನಗೆ ಅತ್ಯಂತ ಹಿಡಿಸಿದ್ದು ‘ಕಾಫ್’ ಅಕ್ಷರದ ಪಾಠ. ಗಂಟಲಿನ ಆಳದಿಂದ ಹೊರಡಬೇಕಾದ ಈ ಕಕಾರ ಕೊಲ್ಲಿಯ ಮಾತಿನಲ್ಲಿ ಸಾಮಾನ್ಯವಾಗಿ ಗಕಾರವಾಗುತ್ತದೆ. ಕಹ್ವಾ ‘ಗಹ್ವಾ’ ಆಗುತ್ತದೆ, ಲೇಖನಿಯಾದ ಕಲಮ್ ‘ಗಲಮ್’ ಆಗುತ್ತದೆ. ನನ್ನ ಜೊತೆಗಿದ್ದ ದಖನಿ ಮಾತಿನ ಗೆಳೆಯರು ಅದೇ ಅಕ್ಷರವನ್ನು ಖಕಾರ ಮಾಡಿ ‘ಖಲಮ್’ ಎನ್ನುತ್ತಿದ್ದುದರಿಂದ ಅವರಿಗೆ ಹಳೆಯ ರೂಢಿಯನ್ನು ಮರೆಯುವುದೇ ಕಷ್ಟವಾಯಿತು. ನಾವು ಕಚೇರಿ ಕಾಗದಗಳಲ್ಲಿ ದಿನವೂ ಬರೆಯುವ ‘ಹಕ್ಕು’ ಅರಬ್ಬಿಯಿಂದಲೇ ಬಂದ ಪದ. ಅಲ್ಲಿ ಅದು ‘ಹಗ್ಗ್’ ಎಂದಾಗಿ, ‘ಸಯ್ಯಾರಾ ಹಗ್ಗಿ’ ಎಂದರೆ ‘ನನ್ನ ಕಾರು’ ಎಂಬಂತೆ ಒಡೆತನವನ್ನು ಹೇಳುವ ಪ್ರತ್ಯಯದ ಕೆಲಸ ಮಾಡುತ್ತದೆ. ಆಟೋದವರಿಗೆ ನಾವು ಹೇಳುವ ‘ಸೀದಾ’ ಕೂಡ ಹಿಂದೂಸ್ತಾನಿಯ ಮೂಲಕ ಅಲ್ಲಿಗೂ ಹೋಗಿ ಅದೇ ಅರ್ಥದಲ್ಲಿ ನೆಲೆಸಿದೆ.

ನಮ್ಮ ಕಕಾರದಂಥ ಸಾಮಾನ್ಯ ಕಕಾರ ಅಲ್ಲಿ ಕೆಲವೆಡೆ ಚಕಾರವಾಗುತ್ತದೆ. ಕನ್ನಡಿಗರಿಗೆ ಚಕಾರ ತೊಡಕಲ್ಲ, ಆದ್ದರಿಂದ ‘ಕಲ್ಬ್’ ಎಂಬ ನಾಯಿ ‘ಚಲ್ಬ್’ ಆದರೂ ನಾಲಿಗೆ ತಡವರಿಸುವುದಿಲ್ಲ. ಸೋಲಿಸುವುದು ಗಂಟಲಿನಿಂದ ಹೊರಡುವ ‘ಐನ್’ ಅಕ್ಷರ. ಅರಬ್ ಎಂಬ ಹೆಸರೇ ಐನ್‌ನಿಂದ ಆರಂಭವಾಗುತ್ತದೆ, ನಾವು ಅದನ್ನು ಬರಿಯ ಅಕಾರ ಮಾಡಿಕೊಂಡಿದ್ದೇವೆ. “ಮೂಗಿಲೆ ಅಲ್ರೀ, ಗಂಟಲದಾಗಿಂದ ತೆಗೀರಿ” ಎಂದು ಮಾಸ್ತರು ಎರಡು ವಾರ ಬೇಸರಿಸದೆ ತಿದ್ದಿದರು.

ಕೊರತೆ ಇರುವುದು ಕ್ರಿಯಾಪದದಲ್ಲಿ. ‘ಅನಾ ರೂಹ್, ಇಂತಾ ರೂಹ್, ಹುವಾ ರೂಹ್’ (ನಾನು ಹೋಗು, ನೀನು ಹೋಗು, ಅವನು ಹೋಗು) ಎಂದು ಒಂದೇ ರೂಪವನ್ನು ಎಲ್ಲರಿಗೂ ಹಚ್ಚುವುದು ಹೊರದೇಶದ ಕೂಲಿಕಾರರ ನಡುವೆ ಬೆಳೆದ ಕಲಬೆರಕೆ ಮಾತು. ಅದರಿಂದ ಕೆಲಸ ಸಾಗುತ್ತದೆ ನಿಜ, ಆದರೆ ಅದನ್ನೇ ಕೊಲ್ಲಿಯ ಅರಬ್ಬಿಯೆಂದು ಕಲಿಸುವುದು ಸರಿಯಲ್ಲ. ಅಲ್ಲಿನವರು ‘ಅರೂಹ್, ತ್ರೂಹ್, ಯ್ರೂಹ್’ ಎನ್ನುತ್ತಾರೆ. ‘ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ’ ಎಂದು ಹೋಗುವವರು ಯಾರು ಎಂಬುದನ್ನು ಕ್ರಿಯಾಪದದ ಕೊನೆಯಲ್ಲಿ ಗುರುತಿಸಿ ರೂಢಿಯಿರುವ ನಮಗೆ, ಆ ಗುರುತು ಅಲ್ಲಿ ಮುಂದಕ್ಕೆ ಬರುತ್ತದೆ ಎಂದು ಒಂದು ಸಂಜೆಯಲ್ಲಿ ವಿವರಿಸಬಹುದಿತ್ತು. ಹೆಂಗಸರೊಡನೆ ಮಾತನಾಡುವಾಗ ‘ಶ್ಲೋನಕ್’ ಹೋಗಿ ‘ಶ್ಲೋನಿಚ್’ ಆಗುವುದನ್ನೂ, ‘ತ್ರೂಹ್’ ಹೋಗಿ ‘ತ್ರೂಹೀನ್’ ಆಗುವುದನ್ನೂ ತರಗತಿಯ ಕೈಪಿಡಿ ಪೂರ್ತಿ ಬಿಟ್ಟಿದೆ. ತರಗತಿಯಲ್ಲಿದ್ದ ಇಬ್ಬರು ನರ್ಸ್ ಅಕ್ಕಂದಿರು ಹೆಣ್ಣುಮಕ್ಕಳ ವಾರ್ಡಿಗೆ ಹೋಗುವವರು; ಅವರು ತಾವಾಗಿ ಕೇಳಿದ ಮೇಲೆಯೇ ಮಾಸ್ತರು ಈ ರೂಪಗಳನ್ನು ಹಲಗೆಯ ಮೇಲೆ ಬರೆದರು.

ಕಟ್ಟಡ ಕೆಲಸಕ್ಕೆ ಅಥವಾ ಡ್ರೈವರಿಕೆಗೆ ಹೋಗುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆಸ್ಪತ್ರೆ ಮತ್ತು ಅಂಗಡಿಗಳಲ್ಲಿ ಜನರೊಡನೆ ಮಾತನಾಡಬೇಕಾದವರು ಕ್ರಿಯಾಪದದ ಪಾಠವನ್ನು ಹಟ ಹಿಡಿದು ಕೇಳಿ ಪಡೆಯಬೇಕು. ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಮಾಸ್ತರ ಅಡ್ಡಿಯಿಲ್ಲ, ಆದರೆ ಮುಂದಿನ ಬೆಂಚು ಹಿಡಿಯಿರಿ. ಕೆಳಗಿನ ರಸ್ತೆಯ ಹಾರ್ನುಗಳ ನಡುವೆ ಹಿಂದೆ ಕುಳಿತವರಿಗೆ ಐನ್ ಯಾವುದು, ಅಕಾರ ಯಾವುದು ಎಂದು ತಿಳಿಯುವುದಿಲ್ಲ.